ಅನುಮಾನದ ಕವಿಯ ಐದು ಪಟ್ಟಿಗಳು

ನಮ್ಮಣ್ಣನನ್ನು ಇಡೀ ಬೀದಿ ‘ಇರಬಹುದು ಮೇಷ್ಟ್ರು’ ಎಂದು ಕರೆಯುತ್ತದೆ. ಎದುರಿಗಲ್ಲ, ಬೆನ್ನ ಹಿಂದೆ. ಅವನಿಗೆ ಈ ಅಡ್ಡಹೆಸರು ಗೊತ್ತಿಲ್ಲ ಎಂದು ಅವರ ಎಣಿಕೆ. ನಿನಗೆ ಗೊತ್ತಾ ಎಂದು ನಾನೇ ಒಮ್ಮೆ ಕೇಳಿದೆ. “ಇರಬಹುದು” ಅಂದ.

ಮೂವತ್ತನಾಲ್ಕು ವರ್ಷ ಲ್ಯಾಟಿನ್ ಪಾಠ ಹೇಳಿದ ಮನುಷ್ಯ. ಹೊರಗೆ ಧೋ ಎಂದು ಸುರಿಯುತ್ತಿದ್ದರೂ “ಮಳೆ ಬರ್ತಿರೋ ಹಾಗೆ ಕಾಣ್ತಿದೆ” ಅನ್ನುತ್ತಾನೆಯೇ ಹೊರತು ಮಳೆ ಬರ್ತಿದೆ ಅನ್ನುವುದಿಲ್ಲ. ಅಡುಗೆಗೆ ಉಪ್ಪು ಸರಿಯಾಗಿದೆಯಾ ಎಂದು ಅತ್ತಿಗೆ ಕೇಳಿದರೆ, “ನನ್ನ ನಾಲಿಗೆಗೆ ಈಗ ಸರಿ ಅನ್ನಿಸ್ತಿದೆ, ನಿನ್ನ ನಾಲಿಗೆ ಏನನ್ನುತ್ತೋ” ಅನ್ನುತ್ತಾನೆ. ಮದುವೆಯಾದ ಹೊಸದರಲ್ಲಿ ಅತ್ತಿಗೆ ಇದಕ್ಕೆ ನಗುತ್ತಿದ್ದರಂತೆ. ಆಮೇಲೆ ಕೇಳುವುದನ್ನೇ ಬಿಟ್ಟು ತಾವೇ ರುಚಿ ನೋಡಿಕೊಳ್ಳತೊಡಗಿದರು.

ನನಗೋ ಮೂಗಿನ ತುದಿಯಲ್ಲೇ ಕೋಪ. ಅಣ್ಣ ನನ್ನನ್ನು ಚಿಕ್ಕಂದಿನಿಂದ ‘ಕೆಂಡ’ ಎಂದೇ ಕರೆಯುವುದು. ಒಂದೇ ತಾಯಿಯ ಹೊಟ್ಟೆಯಲ್ಲಿ ಅಡ್ಡಗೋಡೆಯ ಮೇಲೆ ದೀಪ ಇಡುವವನೊಬ್ಬ, ಆ ಗೋಡೆಯನ್ನೇ ಕೆಡವುವವಳೊಬ್ಬಳು ಹುಟ್ಟಿದೆವು. ನಾನು ದೊಡ್ಡ ಗ್ರಂಥಾಲಯವೊಂದರ ನೆಲಮಾಳಿಗೆಯಲ್ಲಿ ಹಳೆಯ ಪುಸ್ತಕಗಳನ್ನು ರಿಪೇರಿ ಮಾಡುತ್ತೇನೆ. ಪುಸ್ತಕದೊಳಗೆ ಏನು ಬರೆದಿದೆ ಎಂಬುದು ನನ್ನ ತಲೆನೋವಲ್ಲ. ಹೊಲಿಗೆ ಬಿಟ್ಟಿದೆಯೋ, ರಟ್ಟು ಕಿತ್ತಿದೆಯೋ, ಹುಳ ಎಲ್ಲಿಯವರೆಗೆ ತಿಂದಿದೆಯೋ, ಅಷ್ಟು ನೋಡಿದರೆ ನನ್ನ ಕೆಲಸ ಆಯಿತು.

ಅಣ್ಣನ ‘ಇರಬಹುದು’ ಬರೀ ಹಟವಲ್ಲ, ಅದಕ್ಕೊಂದು ಮನೆತನವಿದೆ. ಎರಡು ಸಾವಿರ ವರ್ಷಗಳ ಹಿಂದೆ ಅನುಮಾನವನ್ನೇ ವ್ರತದಂತೆ ಹಿಡಿದ ತತ್ವಜ್ಞಾನಿಗಳಿದ್ದರು. ಸತ್ಯವೇ ಇಲ್ಲ ಎಂದು ಅವರು ಹೇಳಲಿಲ್ಲ, ಹಾಗೆ ಹೇಳುವುದಕ್ಕೂ ಧೈರ್ಯ ಬೇಕು. ಇನ್ನೂ ಸಿಕ್ಕಿಲ್ಲ, ಹುಡುಕುತ್ತಿದ್ದೇವೆ ಎಂದರು. ತಕ್ಕಡಿಯ ಎರಡೂ ತಟ್ಟೆ ಸಮವಾಗಿ ನಿಂತಾಗ ತೀರ್ಪು ಕೊಡಬೇಡ, ತಡೆದು ಹಿಡಿ, ಹಾಗೆ ಹಿಡಿದವನಿಗೆ ನೆಮ್ಮದಿ ತಾನಾಗಿ ಬರುತ್ತದೆ ಎಂದರು. ಅವರದೊಂದು ಮಂತ್ರವಿದೆ: ನೋನ್ ಮಾಗಿಸ್. ಇದಕ್ಕಿಂತ ಅದು ಹೆಚ್ಚಲ್ಲ, ಅದಕ್ಕಿಂತ ಇದು ಹೆಚ್ಚಲ್ಲ. ಅಣ್ಣ ಕಾಲೇಜಿನಲ್ಲಿದ್ದಾಗ ಈ ಎರಡು ಪದಗಳನ್ನು ಹಳೆಯ ಕಾಲದ ಅಕ್ಷರದಲ್ಲಿ ಬರೆದು ತನ್ನ ಮೇಜಿನ ಮೇಲಿನ ಗೋಡೆಗೆ ಅಂಟಿಸಿದ್ದ. ಅಂಟು ಕಲಸಿ ಕೊಟ್ಟವಳು ನಾನು.

ಆ ಪಂಥದಲ್ಲಿ ಒಬ್ಬ ವೈದ್ಯನಿದ್ದ. ರೋಗದ ಒಳಗಿನ ಕಾರಣ ನನಗೆ ಗೊತ್ತಿಲ್ಲ, ಕಂಡದ್ದಕ್ಕೆ ಮದ್ದು ಕೊಡುತ್ತೇನೆ ಎನ್ನುತ್ತಿದ್ದವನು. ಆತ ಲ್ಯಾಟಿನ್ನಿನಲ್ಲಿ ಒಂದು ದೊಡ್ಡ ಕಾವ್ಯ ಬರೆದನಂತೆ. ಕಾವ್ಯ ಕಳೆದುಹೋಗಿದೆ. ಬೇರೆಯವರು ಅಲ್ಲಲ್ಲಿ ಉದ್ಧರಿಸಿದ ಇಪ್ಪತ್ತಮೂರು ಸಾಲು ಉಳಿದಿದೆ. ಅಣ್ಣನ ಆಯುಷ್ಯವೆಲ್ಲ ಆ ಇಪ್ಪತ್ತಮೂರು ಸಾಲಿನಲ್ಲಿ ಕಳೆಯಿತು. ಅವುಗಳಲ್ಲಿ ಕೊನೆಯ ಮೂರು ಹೀಗಿವೆ: ‘ಮಗನ ಹಡಗು ಬಂದರು ಬಿಟ್ಟು ಹೋಯಿತು. ಮುಳುಗಿತು ಎನ್ನುವವರಿದ್ದಾರೆ, ಇಲ್ಲ ಎನ್ನುವವರಿದ್ದಾರೆ. ನಾನು...’

ಅಲ್ಲಿಗೆ ನಿಂತುಹೋಗಿದೆ. ಆ ‘ನಾನು’ವಿನ ಮುಂದೆ ಕವಿ ಏನೆಂದ? ಆ ಪಂಥದ ವೈರಿಯೊಬ್ಬ ಬರೆದಿಟ್ಟಿರುವ ಪ್ರಕಾರ, ಮಗ ಹೋದ ಮೇಲೆ ಕವಿಯ ಅನುಮಾನವೂ ಹೋಯಿತು, ‘ಗೊತ್ತು, ಅವನು ಸತ್ತ’ ಎಂದು ಅತ್ತುಬಿಟ್ಟ. ಅಣ್ಣ ಯೌವನದಲ್ಲೇ ಅದನ್ನು ಒಪ್ಪಲಿಲ್ಲ. ವೈರಿಯ ಮಾತು ಹೇಗೆ ನಂಬಲಿ ಎಂದ. ಅಷ್ಟು ಹೇಳಿ ಸುಮ್ಮನಾಗಬಹುದಾಗಿತ್ತು. ಆದರೆ ಒಂಬತ್ತು ವರ್ಷಗಳ ಹಿಂದೆ ಆ ಸಾಲು ಅವನ ಮನೆಗೇ ಬಂತು.

ಅಣ್ಣನಿಗೆ ಒಬ್ಬಳೇ ಮಗಳು. ಸಮುದ್ರದ ಆಳ ಅಳೆಯುವ ಕೆಲಸ ಅವಳದು. ನಾಲ್ವರು ಒಂದು ದೋಣಿಯಲ್ಲಿ ಹೋದರು. ದೋಣಿ ಮಗುಚಿದ್ದು ಸಿಕ್ಕಿತು, ಮೂವರ ದೇಹ ಸಿಕ್ಕಿತು, ಇವಳದು ಸಿಕ್ಕಲಿಲ್ಲ. ‘ಅತ್ತೇ, ನಿನ್ನ ಕೈಯ ಅಂಟಿನ ವಾಸನೆ ನಂಗಿಷ್ಟ’ ಎಂದು ನನ್ನ ಬೆರಳು ಮೂಸುತ್ತಿದ್ದ ಹುಡುಗಿ.

ಅವಳು ಇನ್ನಿಲ್ಲ ಎಂದು ಅತ್ತಿಗೆ ಮೊದಲ ವರ್ಷವೇ ತಿಳಿದುಕೊಂಡರು. ಅಣ್ಣ ತಿಳಿದುಕೊಳ್ಳಲಿಲ್ಲ. ‘ಸತ್ತಳು’ ಎಂದೂ ಅನ್ನಲಿಲ್ಲ, ‘ಇದ್ದಾಳೆ’ ಎಂದೂ ಅನ್ನಲಿಲ್ಲ. “ಗೊತ್ತಿಲ್ಲ” ಎಂದ. ಅವಳ ಕೋಣೆಗೆ ಬೀಗ ಹಾಕಲಿಲ್ಲ, ಹಾಸಿಗೆ ಮಡಿಸಲಿಲ್ಲ, ಒಂದು ಹನಿ ಕಣ್ಣೀರೂ ಹಾಕಲಿಲ್ಲ. ಅವಳ ಹೆಸರನ್ನು ಬಾಯಲ್ಲಿ ಎತ್ತಲೂ ಇಲ್ಲ. ಹೆಸರು ಹಿಡಿದು ಮಾತಾಡಿದರೆ ಯಾವುದೋ ಒಂದು ಕಡೆ ವಾಲಿದಂತಾಗುತ್ತದೆ ಎಂದು ಹೆದರಿದ್ದನೋ ಏನೋ. ಒಂದೇ ಮನೆಯಲ್ಲಿ ಒಬ್ಬರು ಒಬ್ಬರೇ ಅಳುತ್ತ, ಇನ್ನೊಬ್ಬರು ಕಾಯುತ್ತ ಒಂಬತ್ತು ವರ್ಷ ಊಟ ಮಾಡಿದರು.

ಅತ್ತಿಗೆಗೆ ಬೇಕಾಗಿದ್ದದ್ದು ಒಂದೇ. ಸ್ಮಶಾನದಲ್ಲಿ ಅವರ ತಾಯಿಯ ಪಕ್ಕ ಮಗಳ ಹೆಸರಿನ ಒಂದು ಕಲ್ಲು, ಗಂಡನೂ ಜೊತೆಗೆ ನಿಂತು ಅಳುವ ಒಂದು ದಿನ. ಅಲ್ಲಿಯವರು ಕಾಗದವಿಲ್ಲದೆ ಕಲ್ಲು ಹಾಕಲು ಬಿಡುವುದಿಲ್ಲ. ಏಳು ವರ್ಷ ಕಳೆದರೆ ಕಾಣೆಯಾದವರನ್ನು ಸತ್ತವರೆಂದು ಸರಕಾರ ಒಪ್ಪುತ್ತದೆ, ಆದರೆ ತಂದೆ ತಾಯಿ ಇಬ್ಬರೂ ಸಹಿ ಹಾಕಬೇಕು. ‘ನಮ್ಮ ಮಗಳು ಮೃತಳಾಗಿದ್ದಾಳೆಂದು ನಮಗೆ ತಿಳಿದಿದೆ’ ಎಂಬ ಒಂದು ಸಾಲಿನ ಕೆಳಗೆ. ಅತ್ತಿಗೆಯ ಸಹಿ ಬಿದ್ದು ಎರಡು ವರ್ಷವಾಗಿತ್ತು.

“ತಿಳಿದಿದೆ ಅಂತ ಬರ್ದಿದೆ ಕಣೇ ಕೆಂಡ. ತಿಳೀದೇ ಇರೋದನ್ನ ತಿಳಿದಿದೆ ಅಂತ ಹೇಗೆ ಸಹಿ ಹಾಕ್ಲಿ?” ಎಂದ ನನ್ನ ಹತ್ತಿರ.

“ಅತ್ತಿಗೆ ಮುಖ ನೋಡಿ ಹಾಕು.”

“ಮುಖ ನೋಡಿಯೇ ಹಾಕ್ತಿಲ್ಲ. ಅವಳ ಮುಂದೆ ಸುಳ್ಳು ಹೇಳಿಲ್ಲ ನಾನು ಇವತ್ತಿನವರೆಗೂ.”

ಅತ್ತಿಗೆ ಆ ಕವಿಯನ್ನು ಸವತಿಯ ಹಾಗೆ ದ್ವೇಷಿಸುತ್ತಿದ್ದರು. “ಓದೀ ಓದೀ ಆ ಹಾಳು ಸಾಲನ್ನ ಮನೆಗೇ ಕರ್ಕೊಂಡು ಬಂದ್ರು ನಿಮ್ಮಣ್ಣ” ಎಂದು ನನ್ನ ಮುಂದೆ ಹೇಳಿದ್ದರು. ಅವರ ಎದುರಿಗೆ ಆ ಕವಿತೆ ಓದಕೂಡದು ಎಂದು ಕಟ್ಟು ಮಾಡಿದ್ದರು. ಅಣ್ಣ ಆ ಕಟ್ಟನ್ನು ಒಂದು ದಿನವೂ ಮುರಿಯಲಿಲ್ಲ.

ಹೀಗಿರುವಾಗ ನನ್ನ ಮೇಜಿಗೆ ಒಂದು ಪುಸ್ತಕ ಬಂತು. ಐನೂರು ವರ್ಷ ಹಳೆಯ ಗಿಡಮೂಲಿಕೆಯ ಪುಸ್ತಕ, ಮಗುವಿನಷ್ಟು ಭಾರ. ಬೆನ್ನಿನ ಚರ್ಮ ಸಿಪ್ಪೆಯಂತೆ ಎದ್ದಿತ್ತು. ಇಂಥ ಪುಸ್ತಕದ ಬೆನ್ನಿನಲ್ಲಿ ಹೊಲಿಗೆಯ ದಪ್ಪ ದಾರಗಳು ಏಣಿನ ಹಾಗೆ ಎದ್ದು ನಿಂತಿರುತ್ತವೆ. ಇದರಲ್ಲಿ ನಾಲ್ಕು ಏಣು, ಅವುಗಳ ನಡುವೆ ಐದು ಮನೆ. ಆ ಮನೆಗಳಿಗೆ ಬಲ ಬರಲೆಂದು ಆಗಿನ ಬೈಂಡಿನವರು ಒಳಗಡೆ ಗಟ್ಟಿ ಪಟ್ಟಿ ಅಂಟಿಸುತ್ತಿದ್ದರು. ಹೊಸ ಚರ್ಮದ ಹಾಳೆ ಯಾರು ಹಾಳು ಮಾಡುತ್ತಾರೆ? ಚರ್ಮದ ಹಾಳೆಗಳ ಮೇಲೆ ಕೈಯಲ್ಲಿ ಬರೆದ, ಯಾರಿಗೂ ಬೇಡವಾದ ಹಳೆಯ ಪುಸ್ತಕವನ್ನು ಕತ್ತರಿಯಲ್ಲಿ ಕತ್ತರಿಸಿ ಅದನ್ನೇ ಬಳಸುತ್ತಿದ್ದರು. ನನ್ನ ಕಸಬಿನ ಪೂರ್ವಜರು ಎಷ್ಟು ಪುಸ್ತಕ ಉಳಿಸಿದ್ದಾರೋ ಅಷ್ಟೇ ಪುಸ್ತಕ ಕೊಂದಿದ್ದಾರೆ, ಸುಳ್ಳು ಯಾಕೆ ಹೇಳಲಿ.

ಬೆನ್ನಿಗೆ ಗಂಜಿ ಬಳಿದು ಅರ್ಧ ಗಂಟೆ ಬಿಟ್ಟೆ. ಐನೂರು ವರ್ಷದ ಅಂಟು ಮೆತ್ತಗಾಗಿ ಬೆಲ್ಲದ ಪಾಕದ ಬಣ್ಣಕ್ಕೆ ತಿರುಗಿತು. ಮೂಳೆಯ ಚಪ್ಪಟೆ ಕಡ್ಡಿಯಿಂದ ಮೇಲಿನ ಮನೆಯಿಂದ ಶುರುಮಾಡಿ ಒಂದೊಂದೇ ಪಟ್ಟಿ ಎಬ್ಬಿಸಿದೆ. ಎಲ್ಲದರ ಮೇಲೂ ಕಂದು ಶಾಯಿಯ ಬರಹವಿತ್ತು. ಒಂದೊಂದರಲ್ಲಿ ಮೂರು ಮೂರು ಸಾಲು. ಸಾಲಿನ ಎಡತುದಿಗಳೆಲ್ಲ ನೆಟ್ಟಗಿದ್ದವು, ಬಲತುದಿಗಳು ಏರುಪೇರಾಗಿದ್ದವು. ಇಷ್ಟು ನೋಡಿದರೆ ಪದ್ಯ ಎಂದು ನನ್ನಂಥ ಲ್ಯಾಟಿನ್ ಬಾರದವಳಿಗೂ ತಿಳಿಯುತ್ತದೆ. ಹತ್ತಿಯಿಂದ ಅಂಟು ಒರೆಸುತ್ತ ಮೂರನೆಯ ಪಟ್ಟಿಗೆ ಬಂದೆ. ಕೊನೆಯ ಸಾಲಿನಲ್ಲಿ ಎರಡು ಪದಗಳು ಮೆಲ್ಲಗೆ ಎದ್ದು ಬಂದವು.

ನೋನ್ ಮಾಗಿಸ್.

ನಾನು ಅಂಟು ಕಲಸಿ ಕೊಟ್ಟು ಅಣ್ಣ ಗೋಡೆಗೆ ಅಂಟಿಸಿದ್ದ ಪದಗಳು. ಯಾವನೋ ಲಿಪಿಕಾರ ಸಾವಿರ ವರ್ಷಗಳ ಹಿಂದೆ ತಣ್ಣನೆಯ ಕೋಣೆಯೊಂದರಲ್ಲಿ ಕೂತು ನಕಲು ಮಾಡಿದ್ದಾನೆ. ಅವನೂ ಮಣ್ಣಾದ, ಕತ್ತರಿಸಿದ ಬೈಂಡಿನವನೂ ಮಣ್ಣಾದ. ಈ ಎರಡು ಪದ ಮಾತ್ರ ಕತ್ತಲಲ್ಲಿ, ಅಂಟಿನೊಳಗೆ, ಗಿಡಮೂಲಿಕೆಯ ಬೆನ್ನಿಗೆ ಬೆನ್ನು ಕೊಟ್ಟು ಮಲಗಿದ್ದವು. ಹುಟ್ಟಿದಾಗಿನಿಂದ ಯಾವುದಕ್ಕೂ ಬಗ್ಗದವಳು ಆ ಪಟ್ಟಿಯ ಮುಂದೆ ಕೈಮುಗಿದು ನಿಂತುಬಿಟ್ಟೆ. ಯಾರಿಗೆ ಮುಗಿದೆ ಎಂದು ನನಗೇ ತಿಳಿಯದು.

ದಾಖಲೆಗೆ ಸೇರುವ ತನಕ ಹೊರಗಿನವರು ಪಟ್ಟಿಗಳನ್ನು ನೋಡುವ ಹಾಗಿರಲಿಲ್ಲ. ಆದರೆ ಫೋಟೋ ತೆಗೆದು ಲ್ಯಾಟಿನ್ ಬಲ್ಲವರಿಗೆ ತೋರಿಸಿ ಎಂದು ಮೇಲಿನವರೇ ಹೇಳಿದರು. ಅಣ್ಣನ ಕಣ್ಣು ಮೊದಲಿನಂತಿಲ್ಲ. ಅವನಿಗೆ ಕಷ್ಟವಾಗದಿರಲಿ ಎಂದು ಕಲೆ, ಸುಕ್ಕು, ಚರ್ಮದ ಗುರುತು ಎಲ್ಲವನ್ನೂ ಅಳಿಸಿ, ಬಿಳಿ ಕಾಗದದ ಮೇಲೆ ಕಪ್ಪು ಅಕ್ಷರ ಮಾತ್ರ ಉಳಿಯುವಂತೆ ಅಚ್ಚು ತೆಗೆದೆ. ಪಟ್ಟಿಗಳ ಮೇಲೆ ಪೆನ್ಸಿಲಿನಲ್ಲಿ ಬರೆದಿದ್ದ ಒಂದರಿಂದ ಐದರವರೆಗಿನ ನಂಬರನ್ನು ಅಚ್ಚಿನ ಮೇಲೂ ಬರೆದೆ.

ಅವತ್ತು ಅಣ್ಣನ ಮುಖ ನೀವು ನೋಡಬೇಕಿತ್ತು. ಒಂದನೆಯ ಪಟ್ಟಿಯಲ್ಲಿ ಅವನ ಆ ಕೊನೆಯ ಮೂರು ಸಾಲೇ ಇದ್ದವು, ‘ನಾನು’ ಆದ ಮೇಲೆ ಮುರಿದಿರಲಿಲ್ಲ. ಎಪ್ಪತ್ತೊಂದರ ಮುದುಕ ಕುರ್ಚಿಯಿಂದ ಎದ್ದ, ಕೂತ, ಮತ್ತೆ ಎದ್ದ. “ಕೆಂಡ, ಇದು ನಿಜ ಅಂತ ಅನ್ನಿಸ್ತಿದೆ ಕಣೇ ನಂಗೆ” ಅಂದ. ಅವನ ಬಾಯಲ್ಲಿ ಅದು ಬೇರೆಯವರು ಬೀದಿಗಿಳಿದು ಕುಣಿದದ್ದಕ್ಕೆ ಸಮ. ಬಾಗಿಲು ಹಾಕಿಕೊಂಡು ಎರಡು ದಿನ ಓದಿದ.

ಮೂರನೆಯ ದಿನ ಬೆಳಿಗ್ಗೆ ಹೊರಗೆ ಬಂದಾಗ ಅವನು ಒಂದು ಗೇಣು ಕುಗ್ಗಿದಂತಿದ್ದ. ಅತ್ತಿಗೆ ತರಕಾರಿ ಹೆಚ್ಚುತ್ತಿದ್ದರು, ನಾನು ಪಕ್ಕದಲ್ಲಿದ್ದೆ.

“ವೈರಿ ಹೇಳಿದ್ದು ಸರಿ ಇತ್ತು” ಅಂದ. “ಐದನೇ ಪಟ್ಟೀಲಿ ಕೊನೆಗೆ ಅವನೇ ಹೇಳ್ಬಿಡ್ತಾನೆ. ಗೊತ್ತು, ಅವನು ಸತ್ತ, ಸಮುದ್ರದ ಸಾಕ್ಷಿ ಸಾಲದೆ ಅಂತ. ಕೆಲಸ ಮುಗೀತು. ನಾನು ನಲವತ್ತೈದು ವರ್ಷ ಯಾರ ಬೆನ್ನಿಗೆ ನಿಂತಿದ್ನೋ ಅವನೇ ಸೋತ.”

“ಆ ಕಾಗದ ತೆಗ್ದಿಡು” ಎಂದ ಅತ್ತಿಗೆಗೆ. “ಬುಧವಾರ ಮೂರು ಗಂಟೆಗೆ ಕಚೇರಿಗೆ ಹೋಗಿ ಸಹಿ ಹಾಕ್ತೀನಿ.”

ಅತ್ತಿಗೆ ಚಾಕು ಕೆಳಗಿಟ್ಟು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಎರಡು ವರ್ಷ ಬೇಡಿದ್ದು ಸಿಕ್ಕಿತ್ತು. ಆದರೆ ಅಣ್ಣನ ದನಿಯಲ್ಲಿ ಅಳು ಇರಲಿಲ್ಲ. ಪರೀಕ್ಷೆಯಲ್ಲಿ ನಪಾಸಾದ ವಿದ್ಯಾರ್ಥಿ ಉತ್ತರಪತ್ರಿಕೆ ಒಪ್ಪಿಸುತ್ತಿದ್ದ, ಅಷ್ಟೆ. ನನಗೆ ಅದು ಹಿಡಿಸಲಿಲ್ಲ, ಆದರೂ ಬಾಯಿಗೆ ಬೀಗ ಹಾಕಿಕೊಂಡೆ. ಅತ್ತಿಗೆಗೆ ಕಲ್ಲು ಸಿಕ್ಕರೆ ಸಾಕು ಎಂದುಕೊಂಡೆ.

ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ ಪಟ್ಟಿಗಳನ್ನು ಪೆಟ್ಟಿಗೆಗೆ ಸೇರಿಸುವ ಮುಂಚೆ ಕೊನೆಯ ಸಲ ತಪಾಸಣೆಗೆ ಕೂತೆ. ಕೆಳಗಿನಿಂದ ಬೆಳಕು ಬರುವ ಗಾಜಿನ ಮೇಜು ನಮ್ಮಲ್ಲಿದೆ. ಚರ್ಮ ಎಲ್ಲಿ ತೆಳುವಾಗಿದೆ, ಎಲ್ಲಿ ತೂತಿದೆ ಎಂದು ಅದರ ಮೇಲಿಟ್ಟು ನೋಡುವುದು. ಐದನ್ನೂ ಸಾಲಾಗಿ ಒಂದರ ಕೆಳಗೊಂದು ಇಟ್ಟು ದೀಪ ಹಾಕಿದೆ.

ಒಂದನೆಯ ಪಟ್ಟಿಯ ಮಧ್ಯದಲ್ಲಿ ಒಂದು ನರ ಕಂಡಿತು. ಅದು ಶಾಯಿಯ ಗೆರೆಯಾಗಿರಲಿಲ್ಲ, ಚರ್ಮದೊಳಗಿನ ರಕ್ತನಾಳವಾಗಿತ್ತು. ಸಾವಿರ ವರ್ಷಗಳ ಹಿಂದೆ ಯಾವುದೋ ಕರುವಿನ ಮೈಯಲ್ಲಿ ರಕ್ತ ಓಡಿದ ದಾರಿ, ಎಳೆಯ ಬೇರಿನ ಹಾಗೆ ಸಣ್ಣಗೆ ಶುರುವಾಗಿ ಪಟ್ಟಿಯ ಕೆಳ ಅಂಚಿಗೆ ಬಂದು ಕತ್ತರಿಯ ಬಾಯಿಗೆ ಸಿಕ್ಕಿತ್ತು. ಅದರ ಮುಂದಿನ ತುಂಡು ಎರಡನೆಯ ಪಟ್ಟಿಯ ಮೇಲಂಚಿನಲ್ಲಿ ಇರಬೇಕಿತ್ತು. ಇರಲಿಲ್ಲ. ಎರಡನೆಯದರಲ್ಲಿ ನರ ಆಗಲೇ ದಪ್ಪಗಾಗಿ ಎಡಕ್ಕೆ ಸರಿದಿತ್ತು.

ಚಿಮಟದಲ್ಲಿ ನಾಲ್ಕನೆಯ ಪಟ್ಟಿಯನ್ನು ಎತ್ತಿ ಒಂದರ ಕೆಳಗಿಟ್ಟೆ. ನರ ಕೂಡಿತು. ನಾಲ್ಕರ ಕೆಳಗೆ ಐದನ್ನು ಇಟ್ಟೆ, ಅದೂ ಕೂಡಿತು. ಅದರ ಕೆಳಗೆ ಎರಡು, ಎರಡರ ಕೆಳಗೆ ಮೂರು. ಮೇಲಿನಿಂದ ಕೆಳಗಿನವರೆಗೆ ಒಂದೇ ನರ, ಎಲ್ಲೂ ತಪ್ಪದೆ, ಕೂದಲೆಳೆಯಷ್ಟೂ ಅಲುಗದೆ ಇಳಿದುಬಂತು. ಗಾಜಿನ ಕೆಳಗಿನ ಬೆಳಕಿನಲ್ಲಿ ಆ ಚರ್ಮ ಈಗಲೂ ಜೀವ ಇದ್ದಂತೆ ಕೆಂಪಾಗಿ ಹೊಳೆಯುತ್ತಿತ್ತು. ಪಂಡಿತರು, ವೈರಿಗಳು, ಕತ್ತರಿ, ಅಂಟು, ಎಲ್ಲ ಕಳೆದ ಮೇಲೂ ಯಾವ ಸಾಲಿನ ಮುಂದೆ ಯಾವ ಸಾಲು ಎಂದು ಒಂದು ಮೂಕ ಕರು ನೆನಪಿಟ್ಟುಕೊಂಡಿತ್ತು.

ಆಮೇಲೆ ತಪ್ಪು ಯಾರದೆಂದು ಹೊಳೆಯಿತು. ನಮ್ಮ ಕಸಬಿನಲ್ಲಿ ಬಿಡಿಸಿದ ಕ್ರಮದಲ್ಲೇ ನಂಬರ್ ಹಾಕುವುದು. ಮೇಲಿನ ಮನೆಯದು ಒಂದು, ಅದರ ಕೆಳಗಿನದು ಎರಡು. ಕೈಗೆ ಸಿಕ್ಕ ತುಂಡನ್ನು ಹಿಂದೆ ಮುಂದೆ ನೋಡದೆ ಅಂಟಿಸಿದ ಆ ಬೈಂಡಿನವನ ಅವಸರದ ಕ್ರಮ ಅದು, ಕವಿಯದಲ್ಲ. ಇದು ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವುದರಿಂದ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನಾನೂ ಅಣ್ಣನಿಗೆ ಹೇಳಿರಲಿಲ್ಲ. ಅವನು ಆ ನಂಬರುಗಳನ್ನು ಪುಟದ ಕ್ರಮ ಎಂದುಕೊಂಡಿದ್ದ. ಮೊದಲನೆಯದು ಅಕಸ್ಮಾತ್ತಾಗಿ ಸರಿಹೊಂದಿದ್ದೇ ಮುಳುವಾಯಿತು. ನಿಜ ಹೇಳುತ್ತಿದ್ದ ಚರ್ಮದ ಗುರುತನ್ನೆಲ್ಲ ಅವನ ಕಣ್ಣಿಗೆ ಅನುಕೂಲವಾಗಲೆಂದು ನಾನೇ ಅಳಿಸಿ ಕೊಟ್ಟಿದ್ದೆ.

ಹೇಳಬೇಕೋ ಬೇಡವೋ? ಸುಮ್ಮನಿದ್ದರೆ ಮೂರು ಗಂಟೆಗೆ ಸಹಿ ಬೀಳುತ್ತದೆ, ಅತ್ತಿಗೆಗೆ ಕಲ್ಲು ಸಿಗುತ್ತದೆ. ನಾಳೆ ಹೇಳಿದರೂ ಪ್ರಪಂಚ ಮುಳುಗುವುದಿಲ್ಲ. ಆದರೆ ಮಗಳು ಸತ್ತಳೆಂದು ಆ ಮನುಷ್ಯ ಒಪ್ಪಿಕೊಂಡದ್ದು ನನ್ನ ಪೆನ್ಸಿಲಿನ ನಂಬರ್ ನೋಡಿ. ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ಬದುಕುವ ಶಕ್ತಿ ನನಗಿರಲಿಲ್ಲ. ಬೆಳಕಿನ ಮೇಜಿನ ಮೇಲಿದ್ದ ಹಾಗೆಯೇ ನರ ಕಾಣುವಂತೆ ಅಚ್ಚು ತೆಗೆದು, ಏಪ್ರನ್ ಬಿಚ್ಚುವುದನ್ನೂ ಮರೆತು ಬಸ್ಸು ಹತ್ತಿದೆ.

ನಾನು ಹೋದಾಗ ಎರಡು ಗಂಟೆ. ಅತ್ತಿಗೆ ಇಸ್ತ್ರಿ ಮಾಡಿದ ಸೀರೆ ಉಟ್ಟು, ಕಾಗದವನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟುಕೊಂಡು ತಯಾರಾಗಿ ಕೂತಿದ್ದರು. ಅಣ್ಣ ಬೂಟಿನ ಲಾಡಿ ಕಟ್ಟುತ್ತಿದ್ದ. ನಿಂತಲ್ಲೇ ಎಲ್ಲವನ್ನೂ ಹೇಳಿದೆ. ಹೇಳಿ ಮುಗಿಸುವಷ್ಟರಲ್ಲಿ ಅತ್ತಿಗೆಯ ಮುಖ ಬಿಳಿಚಿಕೊಂಡಿತ್ತು.

“ನಾಳೆ ಬಂದು ಹೇಳ್ಬಹುದಿತ್ತಲ್ಲೇ” ಎಂದರು. ಜೋರಾಗಿ ಹೇಳಲಿಲ್ಲ, ಅದೇ ನನ್ನನ್ನು ಕೊಂದಿತು. “ಒಂದೇ ಒಂದು ದಿನ. ಒಂದು ದಿನ ತಡೀಲಿಲ್ವಾ ನಿಂಗೆ?”

“ಆಗ್ಲಿಲ್ಲ ಅತ್ತಿಗೆ. ಬೈಯಿರಿ, ಹೊಡೀರಿ. ಆಗ್ಲಿಲ್ಲ.”

ಅಣ್ಣ ಒಂದು ಬೂಟಿನಲ್ಲೇ ಎದ್ದು ಬಂದು ಅಚ್ಚನ್ನು ಮೇಜಿನ ಮೇಲೆ ಹರಡಿದ. ಮೇಲಿನಿಂದ ಕೆಳಗಿನವರೆಗೆ ಆ ನರದ ಮೇಲೆ ಬೆರಳಾಡಿಸಿದ. ಮತ್ತೊಮ್ಮೆ ಆಡಿಸಿದ. ಆಮೇಲೆ ನಗಲಾರಂಭಿಸಿದ.

“ಬಿಸಿಲನ್ನೂ ಅನುಮಾನಿಸ್ದೋನು ನಾನು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ಮಕ್ಕಳಿಗೆ ಹೇಳ್ಕೊಟ್ಟೋನು. ನಿನ್ನ ನಂಬರನ್ನ ಮಾತ್ರ ಅನುಮಾನಿಸ್ಲೇ ಇಲ್ಲ ಕಣೇ ಕೆಂಡ. ನೀನು ಬರೆದಿದ್ದಲ್ವಾ ಅಂತ.”

ಅಣ್ಣ ಓದುತ್ತ ಹೋದ, ತುಟಿ ಮಾತ್ರ ಅಲ್ಲಾಡುತ್ತಿತ್ತು. ಕೊನೆಗೆ ಬಂದಾಗ ತುಟಿಯೂ ನಿಂತಿತು.

“ಏನಂತೆ ನಿಮ್ಮ ಕವೀದು?” ಅತ್ತಿಗೆ ಕೇಳಿದರು. “ಓದಿ. ಇವತ್ತು ನಾನೂ ಕೇಳಿಬಿಡ್ತೀನಿ.”

ಒಂಬತ್ತು ವರ್ಷದ ಕಟ್ಟು ಬಿಚ್ಚಿತು. ಅಣ್ಣ ಒಂದೊಂದೇ ಸಾಲನ್ನು ನಮ್ಮ ಮಾತಿಗೆ ತಿರುಗಿಸುತ್ತ ಓದಿದ.

ಮಗನ ಹಡಗು ಬಂದರು ಬಿಟ್ಟು ಹೋಯಿತು.
ಮುಳುಗಿತು ಎನ್ನುವವರಿದ್ದಾರೆ, ಇಲ್ಲ ಎನ್ನುವವರಿದ್ದಾರೆ.
ನಾನು ಇಬ್ಬರ ಬಾಯನ್ನೂ ನೋಡುತ್ತ ನಿಂತಿದ್ದೇನೆ.

ಬಲೆ ಒಣಗುವ ಕಟ್ಟೆಯ ಮೇಲೆ ಕೂತೆ. ಮುದಿ ಅಂಬಿಗನೊಬ್ಬ,
ಮೂವರು ತಮ್ಮಂದಿರನ್ನು ನೀರಿಗೆ ಕೊಟ್ಟವನು, ಬಂದು ಕೈ ಹಿಡಿದ.
ಬಹಳ ಹೊತ್ತಿನ ಮೇಲೆ ಮಾತು ಹೊರಟಿತು:

ಗೊತ್ತು, ಅವನು ಸತ್ತ. ಸಮುದ್ರದ ಸಾಕ್ಷಿ ಸಾಲದೆ?
ಅನುಮಾನಕ್ಕೆ ಹಾಕಿದ ಮಣೆ ಎತ್ತಿಡುವ ಹೊತ್ತು,
ಬಾಗಿಲು ಹಾಕಿ ಒಳಗೆ ಹೋಗುವ ಹೊತ್ತು.

ಹೀಗೆಂದವನ ಕೈ ನಾನು ಬಿಡಲಿಲ್ಲ, ಮಾತನ್ನು ಹಿಡಿಯಲಿಲ್ಲ.
ಅಳು ಮಾತ್ರ ಬಂತು. ಚಳಿ ಬಂದ ಹಾಗೆ ಬಂತು, ಪುರಾವೆ ಕೇಳಲಿಲ್ಲ.
ಒಂದು ಕಲ್ಲು ನಿಲ್ಲಿಸಿದೆ. ಅದರ ಕೆಳಗೆ ಬರೀ ಮಣ್ಣು.

ಸತ್ತವರನ್ನು ಕೂಗುವಂತೆ ಮೂರು ಸಲ ಹೆಸರು ಕೂಗಿದೆ.
ಊಟಕ್ಕೆ ತಡವಾದವರನ್ನೂ ಹೀಗೇ ಕೂಗುತ್ತೇವೆ, ಇದೇ ಗಂಟಲಲ್ಲಿ.
ಇದು ಯಾವ ಕೂಗು? ಇದಕ್ಕಿಂತ ಅದು ಹೆಚ್ಚಲ್ಲ.

“ಗೊತ್ತು ಅಂದೋನು ಕವಿ ಅಲ್ಲ, ಅಂಬಿಗ” ಎಂದ ಅಣ್ಣ. “ಅಳು, ಕಲ್ಲು, ಕೂಗು ಎಲ್ಲಾ ಮೊನ್ನೇನೂ ಓದಿದ್ದೆ. ಆಗ ಅದೆಲ್ಲ ಸೋಲಿಗೆ ಇಳಿಯೋ ಮೆಟ್ಟಿಲು ಅನ್ನಿಸಿತ್ತು. ಅದಲ್ಲ. ಇವನು ಸೋಲ್ಲೇ ಇಲ್ಲ. ಗೊತ್ತಿಲ್ದೇನೇ ಎಲ್ಲಾ ಮಾಡ್ದ.”

“ಮೂರು ಸಲ ಕೂಗೋದು ಅಂದ್ರೆ?” ನಾನು ಕೇಳಿದೆ.

“ಅವರಲ್ಲಿ ಹಾಗೊಂದು ಪದ್ಧತಿ. ಮನೇಲಿ ಉಸಿರು ನಿಂತೋರ ಹತ್ರ ನಿಂತು ಹೆಸರು ಹಿಡಿದು ಕೂಗ್ತಿದ್ರು. ಓಗೊಟ್ಟರೆ ಸರಿ. ಓಗೊಡದೇ ಇದ್ರೆ ಆಮೇಲೆ ಅಳೋದು.”

ಅತ್ತಿಗೆ ಆ ಅಚ್ಚನ್ನೇ ನೋಡುತ್ತಿದ್ದರು. ಒಂದಕ್ಷರವೂ ಅವರಿಗೆ ಬರುವುದಿಲ್ಲ.

“ಅವನಿಗೆ ಗೊತ್ತಿರ್ಲಿಲ್ಲ” ಎಂದರು ನಿಧಾನವಾಗಿ. “ಆದ್ರೂ ಅತ್ತ.”

“ಅತ್ತ.”

“ಕಲ್ಲೂ ಹಾಕಿದ.”

“ಹಾಕ್ದ.”

“ಮತ್ತೆ ನೀವು ಒಂಬತ್ತು ವರ್ಷ ಯಾಕ್ರೀ ಅಳ್ಲಿಲ್ಲ?”

ಅಣ್ಣ ಗೋಡೆ ಹಿಡಿದುಕೊಂಡ. “ಅತ್ರೆ ಗೊತ್ತು ಅಂದ ಹಾಗಾಗುತ್ತೆ ಅಂದ್ಕೊಂಡಿದ್ದೆ” ಎಂದ. “ನಾನು ಅತ್ರೆ ಅವಳು ನಿಜವಾಗ್ಲೂ ಹೋಗ್ಬಿಡ್ತಾಳೆ ಅಂತ.”

ಅತ್ತಿಗೆ ಎದ್ದರು. ಪ್ಲಾಸ್ಟಿಕ್ ಕವರನ್ನು ಅಚ್ಚಿನ ಪಕ್ಕದಲ್ಲಿಟ್ಟರು. “ಸ್ಮಶಾನದೋರಿಗೆ ಕಾಗದ ಬೇಕು. ನಮ್ಮ ಹಿತ್ತಿಲಿಗೆ ಯಾವ ಕಾಗದ ಬೇಕು?” ಎಂದರು. “ಬನ್ನಿ, ಜಾಗ ನೋಡೋಣ. ಬರೀ ಹೆಸರು ಕೆತ್ತಿಸಿದ್ರೆ ಸಾಕು, ಮತ್ತೇನೂ ಬೇಡ.”

ಮೂವರೂ ಹಿತ್ತಿಲಿಗೆ ಬಂದೆವು. ಅಣ್ಣನದು ಇನ್ನೂ ಒಂದೇ ಬೂಟು. ಬಟ್ಟೆ ಒಣಗುವ ತಂತಿಯ ಕೆಳಗೆ ಸ್ವಲ್ಪ ಖಾಲಿ ನೆಲವಿತ್ತು. ಅತ್ತಿಗೆ ಅಲ್ಲಿ ನಿಂತರು. ಏನು ಮಾಡುತ್ತಾರೆಂದು ನಮಗೆ ತಿಳಿಯುವ ಮುಂಚೆಯೇ ಮಗಳ ಹೆಸರು ಹಿಡಿದು ಕೂಗಿದರು. ಆಡಲು ಹೋದ ಮಗುವನ್ನು ಊಟಕ್ಕೆ ಕರೆಯುವ ಹಾಗೆ, ಕೊನೆಯ ಅಕ್ಷರವನ್ನು ಉದ್ದ ಎಳೆದು. ಪಕ್ಕದ ಮನೆಯ ಕಿಟಕಿ ತೆರೆಯಿತು. ಎರಡನೆಯ ಸಲ ಕೂಗಿದರು. ಮೂರನೆಯ ಸಲ ಉಸಿರೆಳೆದುಕೊಂಡರು, ದನಿ ಹೊರಡಲಿಲ್ಲ.

ಮೂರನೆಯದನ್ನು ಅಣ್ಣ ಕೂಗಿದ. ಒಂಬತ್ತು ವರ್ಷಗಳಲ್ಲಿ ಮೊದಲ ಸಲ ಆ ಹೆಸರು ಅವನ ಬಾಯಿಂದ ಬಂತು. ಇಡೀ ಬೀದಿಗೆ ಕೇಳುವಂತೆ ಬಂತು. ಕೂಗಿ, ತಲೆ ಸ್ವಲ್ಪ ವಾರೆ ಮಾಡಿ, ಕಿವಿಗೊಟ್ಟು ನಿಂತ. ಅತ್ತಿಗೆಯೂ ಕಿವಿಗೊಟ್ಟರು, ನಾನೂ ಕಿವಿಗೊಟ್ಟೆ. ಗಾಳಿಗೆ ತಂತಿಯ ಮೇಲಿನ ಬಟ್ಟೆ ಅಲುಗಿತು. ಎಷ್ಟು ಹೊತ್ತು ಕಾದೆವೋ ಗೊತ್ತಿಲ್ಲ. ಆಮೇಲೆ ಅಣ್ಣ ಅತ್ತಿಗೆಯ ಹೆಗಲ ಮೇಲೆ ತಲೆಯಿಟ್ಟು ಅತ್ತ.